ರಾಜ್ಯ ಹೆದ್ದಾರಿಯೊಂದರ ಮಾರ್ಗ, ಚರಿತ್ರೆ ದಾಖಲಿಸುವ ಬಗೆ

ನಿಮ್ಮ ಊರಿನ ಮೇಲೆ ಹಾದುಹೋಗುವ ರಾಜ್ಯ ಹೆದ್ದಾರಿಯ ಚರಿತ್ರೆಯನ್ನು ಬರೆಯಹೊರಟವರು ಹೆದ್ದಾರಿಯ ಸಂಖ್ಯೆಯನ್ನೂ ರಸ್ತೆಯನ್ನೂ ಮೊದಲು ಬೇರೆಬೇರೆಯಾಗಿ ಕಾಣಬೇಕು. ಸಂಖ್ಯೆ ಬರುವುದು ಸರ್ಕಾರದ ಆದೇಶದಿಂದ. ರಸ್ತೆ ಅದಕ್ಕಿಂತ ಬಹಳ ಹಳೆಯದಾಗಿರಬಹುದು, ಅಲ್ಲಲ್ಲಿ ತೀರ ಹೊಸದೂ ಆಗಿರಬಹುದು. ತೀರ್ಥಹಳ್ಳಿಯನ್ನು ಕುಂದಾಪುರಕ್ಕೆ ಸೇರಿಸುವ ರಾಜ್ಯ ಹೆದ್ದಾರಿ 52ನ್ನು ಉದಾಹರಣೆಗೆ ಇಟ್ಟುಕೊಳ್ಳೋಣ.

ಮಳೆಗಾಲದಲ್ಲಿ ಹುಲಿಕಲ್ ಸೀಮೆಯಲ್ಲಿ ಟಿಪ್ಪಣಿ ಪುಸ್ತಕವೂ ಒಣಗಿರುವುದಿಲ್ಲವಾದ್ದರಿಂದ ಡಿಸೆಂಬರ್ ನಂತರ ಹೊರಡುವುದು ಒಳಿತು. ಯಡೂರು, ಮಾಸ್ತಿಕಟ್ಟೆ, ಹುಲಿಕಲ್ ದಾಟಿ ಬಾಳೆಬರೆ ಘಾಟಿಯನ್ನು ಇಳಿದು ಹೊಸಂಗಡಿ, ಸಿದ್ದಾಪುರಗಳವರೆಗೆ ಪ್ರತಿ ಕೂಡುರಸ್ತೆಯನ್ನೂ ಸೇತುವೆಯನ್ನೂ ದೂರದ ಸಮೇತ ಬರೆದುಕೊಳ್ಳಿ. ಕಿಲೋಮೀಟರ್ ಕಲ್ಲಿನ ತಲೆ ಹಸಿರಾಗಿದ್ದರೆ ಅದು ರಾಜ್ಯ ಹೆದ್ದಾರಿ, ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ. ಬಣ್ಣವನ್ನೇ ನೆಚ್ಚಬೇಡಿ, ರಸ್ತೆಯ ದರ್ಜೆ ಬದಲಾದರೂ ಕಲ್ಲಿಗೆ ಹೊಸ ಬಣ್ಣ ಬೀಳಲು ವರ್ಷಗಳೇ ಹಿಡಿಯಬಹುದು.

ಹೆಚ್ಚು ಹೊತ್ತು ಕಳೆಯಬೇಕಾದದ್ದು ಮೋರಿಗಳ ಬಳಿ. ತಡೆಗೋಡೆಯ ಮೇಲೆ 12/3 ಎಂದಿದ್ದರೆ, ಅದು ಹನ್ನೆರಡನೆಯ ಕಿಲೋಮೀಟರಿನ ಮೂರನೆಯ ಮೋರಿ ಎಂದರ್ಥ. ಲೆಕ್ಕ ಇಂದಿನ ಕಲ್ಲುಗಳಿಗೆ ಹೊಂದದೆ ಹೋದರೆ ಅದು ಮೈಲಿಯ ಕಾಲದ್ದೇ ಎಂದು 1.6ರಿಂದ ಗುಣಿಸಿ ನೋಡಿ. ಕೆತ್ತಿದ ಇಸವಿ ಪಾಚಿಯಲ್ಲಿ ಮುಚ್ಚಿಹೋಗಿದ್ದರೆ ಚಾಕುವಿನಿಂದ ಕೆರೆಯಬಾರದು; ನೀರು ಚಿಮುಕಿಸಿ, ಸಂಜೆ ಟಾರ್ಚನ್ನು ಕಲ್ಲಿಗೆ ತಾಗಿಸಿ ಅಡ್ಡಲಾಗಿ ಹಿಡಿದರೆ ಅಕ್ಷರದ ಅಂಚುಗಳಲ್ಲಿ ನೆರಳು ಮೂಡುತ್ತದೆ. ಆದರೆ ಆ ಇಸವಿ ಮೋರಿಯದು, ರಸ್ತೆಯದಲ್ಲ.

ದಾಖಲೆಗಳ ವಿಷಯದಲ್ಲಿ 1956ರ ನವೆಂಬರ್ 1ನ್ನು ನೆನಪಿಡಿ. ಅಲ್ಲಿಯವರೆಗೆ ಘಾಟಿಯ ಮೇಲಿನ ನೆಲ ಮೈಸೂರಿನದು. ಕೆಳಗಿನ ದಕ್ಷಿಣ ಕನ್ನಡ ಮದ್ರಾಸಿನದು. ಆದ್ದರಿಂದ ಒಂದೇ ರಸ್ತೆಯ ಹಳೆಯ ಕಡತಗಳನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿಯೂ ಚೆನ್ನೈನ ಪತ್ರಾಗಾರದಲ್ಲಿಯೂ ಹುಡುಕಬೇಕಾಗುತ್ತದೆ. ಈಚಿನ ಕಾಮಗಾರಿಗಳಿಗೆ ಲೋಕೋಪಯೋಗಿ ಇಲಾಖೆಯ ಟೆಂಡರ್ ಪ್ರಕಟಣೆಗಳೇ ಸಾಕು. ಅವುಗಳಲ್ಲಿ ‘ಸರಪಳಿ’ ಎಂದು ಕೊಟ್ಟಿರುವ ದೂರವನ್ನು ನಿಮ್ಮ ಟಿಪ್ಪಣಿಗೆ ಹೋಲಿಸಿ.

ಹೆಸರುಗಳು ಮೋಸ ಮಾಡುತ್ತವೆ. ಸಿದ್ದಾಪುರ ಉತ್ತರ ಕನ್ನಡದಲ್ಲಿಯೂ ಕೊಡಗಿನಲ್ಲಿಯೂ ಇದೆ. ಹೊಸಂಗಡಿ ಮಂಜೇಶ್ವರದ ಕಡೆಯೂ ಇದೆ. 1783ರಲ್ಲಿ ಬ್ರಿಟಿಷ್ ಜನರಲ್ ಮ್ಯಾಥ್ಯೂಸ್‌ನ ಪಡೆ ಕುಂದಾಪುರದಿಂದ ಘಾಟಿ ಹತ್ತಿ ಬಿದನೂರನ್ನು ಹಿಡಿದ ವೃತ್ತಾಂತದಲ್ಲಿ ಹೊಸಂಗಡಿ ಘಾಟಿಯ ಹೆಸರು ‘ಹುಸೇನ್‌ಗರ್ರಿ’ ಎಂಬಂಥ ರೂಪ ತಾಳಿದೆ. ಇದನ್ನು ಓದಿದೊಡನೆ ಇಂದಿನ ಹೆದ್ದಾರಿಯ ತಿರುವುಗಳೆಲ್ಲ ಆ ಕಾಲದವೆಂದು ಬರೆದುಬಿಡುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಆದರೆ ಆ ಸೈನ್ಯದ ಗುರಿ ಬಿದನೂರು, ಎಂದರೆ ಈಗಿನ ನಗರ. ನಮ್ಮ ಹೆದ್ದಾರಿಯ ತುದಿ ತೀರ್ಥಹಳ್ಳಿ. ಎರಡೂ ದಾರಿಗಳು ಘಾಟಿಯ ಬುಡದಲ್ಲಿ ಒಂದೇ ಊರನ್ನು ಮುಟ್ಟಿದ ಮಾತ್ರಕ್ಕೆ ಒಂದೇ ದಾರಿಯಾಗುವುದಿಲ್ಲ.

ಕೊನೆಗೆ ನಕಾಶೆ ಬರೆಯುವಾಗ ಸರ್ವೆ ಇಲಾಖೆಯ ಹಳೆಯ ಒಂದಂಗುಲ–ಒಂದು ಮೈಲಿ ಹಾಳೆಯಲ್ಲಿ ಕಾಣುವ ಜಾಡನ್ನು ಒಂದು ಬಣ್ಣದಲ್ಲಿ, ಇಂದಿನ ಮಾರ್ಗವನ್ನು ಇನ್ನೊಂದರಲ್ಲಿ ಎಳೆಯಿರಿ. ಹಿರಿಯ ಬಸ್ ಚಾಲಕರ ಬಾಯಿಮಾತಿನಿಂದ ಮಾತ್ರ ತಿಳಿದ ಭಾಗವನ್ನು ಚುಕ್ಕಿಗೆರೆಯಲ್ಲಿ ತೋರಿಸಿ, ಹೇಳಿದ ದಿನಾಂಕವನ್ನು ಅಂಚಿನಲ್ಲಿ ಬರೆದಿಡಿ.