ಮಕ್ಕಳ ಚೀಟಿ, ಸಿಬ್ಬಂದಿಯ ಮಾತು: ಶಾಲೆಯಲ್ಲಿ ಹಿಮ್ಮಾಹಿತಿ ಕೇಳುವ ಬಗೆ

‘ನಿಮ್ಮ ಅಕ್ಕೋರು ಚೆನ್ನಾಗಿ ಪಾಠ ಮಾಡ್ತಾರಾ?’ ಎಂದು ಕೇಳಿದರೆ ಉತ್ತರ ಕನ್ನಡದ ಅಂಕೋಲೆಯ ಮಗುವಾದರೂ ಒಂದೇ, ಸಿದ್ದಾಪುರದ ಮಗುವಾದರೂ ಒಂದೇ, ‘ಹೌದು’ ಎನ್ನುತ್ತದೆ. ಅಕ್ಕೋರ ಮೇಲೆ ಮಗುವಿಗೆ ಪ್ರೀತಿ ಇದೆ ಅಥವಾ ಹೆದರಿಕೆ ಇದೆ ಎಂಬುದಷ್ಟೇ ಅದರಿಂದ ಗೊತ್ತಾಗುವುದು. ಪಾಠ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡುವುದು ಮಗುವಿನ ಕೆಲಸವಲ್ಲ. ಆದರೆ ದಿನವಿಡೀ ತರಗತಿಯಲ್ಲಿ ಕೂತು ನೋಡುವುದು ಅದೇ. ಆದ್ದರಿಂದ ಅದು ಏನು ಕಂಡಿತು ಎಂದು ಕೇಳಬೇಕು, ಏನನಿಸಿತು ಎಂದಲ್ಲ. ಶಿಕ್ಷಕರ ಬಗ್ಗೆ ಮಕ್ಕಳನ್ನು, ಮುಖ್ಯೋಪಾಧ್ಯಾಯರ ಬಗ್ಗೆ ಸಿಬ್ಬಂದಿಯನ್ನು ಚೀಟಿ ಕೊಟ್ಟು ಕೇಳುವುದು ಹೇಗೆ ಎಂದು ಮುಂದೆ ಹೇಳುವುದೆಲ್ಲ ಈ ಒಂದು ಭೇದದ ಮೇಲೆ ನಿಂತಿದೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2011ರ ನಿಯಮಗಳ ಪ್ರಕಾರ ಶಿಕ್ಷಕರ ಬಗ್ಗೆ ವಿದ್ಯಾರ್ಥಿಗಳನ್ನೂ ಮುಖ್ಯಸ್ಥರ ಬಗ್ಗೆ ಸಿಬ್ಬಂದಿಯನ್ನೂ ಕೇಳುತ್ತಾರೆ. ಬಂದ ಉತ್ತರ ಮೌಲ್ಯಮಾಪನದಲ್ಲಿ ಒಂದು ಸಾಕ್ಷ್ಯ. ಅದಕ್ಕೆ ಇಷ್ಟೇ ಅಂಕ ಎಂದು ಕಟ್ಟಿಟ್ಟಿಲ್ಲ. ಗೇಟ್ಸ್ ಪ್ರತಿಷ್ಠಾನದ ಹಣದಲ್ಲಿ 2009ರಿಂದ ಸುಮಾರು 3,000 ಶಿಕ್ಷಕರ ತರಗತಿಗಳಲ್ಲಿ ನಡೆದ ಅಧ್ಯಯನದಲ್ಲೂ ಕಂಡದ್ದು ಇದೇ: ತರಗತಿ ವೀಕ್ಷಣೆ, ಮಕ್ಕಳ ಕಲಿಕೆ, ಮಕ್ಕಳ ಉತ್ತರ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಯಾವ ಒಂದಕ್ಕಿಂತಲೂ ನಂಬಿಕಸ್ಥ ಚಿತ್ರ ಸಿಗುತ್ತದೆ. ಬರೀ ಮಕ್ಕಳ ಚೀಟಿ ಹಿಡಿದು ಶಿಕ್ಷಕರಿಗೆ ಅಂಕ ಹಾಕಹೊರಟ ಆಡಳಿತ ಮಂಡಳಿ ಮೊದಲ ವರ್ಷದಲ್ಲೇ ಎಲ್ಲರ ವಿಶ್ವಾಸ ಕಳೆದುಕೊಳ್ಳುತ್ತದೆ.

ಯಾವಾಗ ಕೇಳಬೇಕು

ಜೂನ್, ಜುಲೈ ಬೇಡ. ಮಳೆ ರಜೆಯಲ್ಲಿ ಪಾಠವೇ ಹಿಡಿತಕ್ಕೆ ಬಂದಿರುವುದಿಲ್ಲ, ಹೊಸ ಶಿಕ್ಷಕರ ಪರಿಚಯವೂ ಆಗಿರುವುದಿಲ್ಲ. ಪರೀಕ್ಷೆಯ ಅಂಕ ಕೊಟ್ಟ ವಾರವೂ ಬೇಡ. ಅಂಕದ ಸಿಟ್ಟು ಚೀಟಿಗೆ ಇಳಿಯುತ್ತದೆ. ದಸರಾ ರಜೆ ಮುಗಿದು ಮೂರ್ನಾಲ್ಕು ವಾರ ಕಳೆದ ಮೇಲೆ, ನವೆಂಬರ್ ನಡುವಿನಲ್ಲಿ ಕೇಳಿದರೆ ಸರಿಹೊಂದುತ್ತದೆ, ತಿದ್ದಿಕೊಳ್ಳಲು ಅರ್ಧ ವರ್ಷ ಉಳಿದಿರುತ್ತದೆ. ಎರಡನೇ ಸುತ್ತು ಫೆಬ್ರವರಿ ಮೊದಲ ವಾರ. ಶಿರಸಿಯವರು ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನ ನೋಡಿಕೊಂಡೇ ತಾರೀಕು ಹಾಕಬೇಕು. ಊರಲ್ಲಿ ರಾತ್ರಿ ಯಕ್ಷಗಾನದ ಆಟ ಇದ್ದರೆ ಮಾರನೇ ದಿನ ಬೆಳಿಗ್ಗೆ ಕೇಳಬೇಡಿ. ಮೂರನೇ ಪ್ರಶ್ನೆಗೇ ಅರ್ಧ ತರಗತಿ ತೂಕಡಿಸುತ್ತದೆ.

ಪ್ರಶ್ನೆ ಕಟ್ಟುವುದು

4ರಿಂದ 7ನೇ ತರಗತಿಗೆ 8 ಪ್ರಶ್ನೆ, ಹೈಸ್ಕೂಲಿಗೆ 12. ಇದಕ್ಕಿಂತ ಹೆಚ್ಚಾದರೆ ಕೊನೆಯವಕ್ಕೆಲ್ಲ ಒಂದೇ ಸಾಲಿನಲ್ಲಿ ಗುರುತು ಬೀಳುತ್ತದೆ. ಉತ್ತರಕ್ಕೆ ನಾಲ್ಕು ಮನೆ: ಯಾವಾಗಲೂ, ಹೆಚ್ಚಿನ ಸಲ, ಅಪರೂಪಕ್ಕೆ, ಇಲ್ಲವೇ ಇಲ್ಲ. ಐದು ಮನೆ ಮಾಡಿದರೆ ಜಗಳ ಬೇಡದ ಮಕ್ಕಳೆಲ್ಲ ನಡುವಿನದರಲ್ಲಿ ಹೋಗಿ ಕೂರುತ್ತಾರೆ.

ಪ್ರಶ್ನೆಗಳು ಹೀಗಿರಲಿ:

‘ಲೆಕ್ಕ ತಪ್ಪಾದಾಗ ಎಲ್ಲಿ ತಪ್ಪಿತು ಎಂದು ತೋರಿಸಿ, ಮತ್ತೆ ಮಾಡಿಸುತ್ತಾರೆ.’
‘ಅರ್ಥವಾಗಲಿಲ್ಲ ಎಂದರೆ ಬೇರೆ ರೀತಿಯಲ್ಲಿ ಹೇಳಿಕೊಡುತ್ತಾರೆ.’
‘ಕೈ ಎತ್ತದವರನ್ನೂ ಪ್ರಶ್ನೆ ಕೇಳುತ್ತಾರೆ.’
‘ತರಗತಿಯ ಹೊತ್ತೆಲ್ಲ ನಮಗೆ ಮಾಡಲು ಏನಾದರೂ ಕೆಲಸ ಇರುತ್ತದೆ.’

‘ಪ್ರೀತಿಯಿಂದ, ಅರ್ಥವಾಗುವಂತೆ ಕಲಿಸುತ್ತಾರೆ’ ಎಂಬುದು ಎರಡು ಪ್ರಶ್ನೆ. ಪ್ರೀತಿ ಇದ್ದು ಅರ್ಥವಾಗದಿದ್ದರೆ ಮಗು ಎಲ್ಲಿ ಗುರುತು ಹಾಕಬೇಕು? ಇನ್ನು ‘ಪ್ರಶ್ನೆ ಕೇಳಲು ಬಿಡುವುದಿಲ್ಲ’ ಎಂದು ಬರೆದು ಮುಂದೆ ‘ಇಲ್ಲವೇ ಇಲ್ಲ’ ಎಂಬ ಮನೆ ಇಟ್ಟರೆ ದೊಡ್ಡವರೇ ತಬ್ಬಿಬ್ಬಾಗುತ್ತಾರೆ. ನಕಾರದ ವಾಕ್ಯ ಒಂದೂ ಬೇಡ.

ಭಾಷೆಯೂ ಇಲ್ಲಿ ದೊಡ್ಡ ವಿಷಯ. ಕಾರವಾರದ ಮಗು ಮನೆಯಲ್ಲಿ ಕೊಂಕಣಿ ಆಡಬಹುದು, ಹಳಿಯಾಳದ್ದು ಮರಾಠಿ, ಭಟ್ಕಳದ್ದು ನವಾಯತಿ. ‘ಪ್ರೋತ್ಸಾಹ’, ‘ಪರಿಣಾಮಕಾರಿ’ ಇಂಥ ಮಾತು ತೆಗೆದುಹಾಕಿ. ಚೀಟಿ ಅಚ್ಚು ಹಾಕುವ ಮೊದಲು ಬೇರೆ ಶಾಲೆಯ ಐದು ಮಕ್ಕಳಿಗೆ ಓದಿಸಿ, ‘ಇದು ಏನು ಕೇಳ್ತಿದೆ, ನಿನ್ನ ಮಾತಲ್ಲಿ ಹೇಳು’ ಎನ್ನಿ. ಇಬ್ಬರು ತಡವರಿಸಿದರೂ ಆ ವಾಕ್ಯ ಬದಲಿಸಿ.

ನಲಿ-ಕಲಿಯ ಚಿಕ್ಕ ಮಕ್ಕಳಿಗೆ ಹುಣಸೆ ಬೀಜ

ನಲಿ-ಕಲಿ ಎಂಬ ಚಟುವಟಿಕೆ ಪದ್ಧತಿಯಲ್ಲಿ ಕಲಿಯುವ 1ರಿಂದ 3ನೇ ತರಗತಿಯವರಿಗೆ ಕಾಗದ ಕೊಡಬೇಡಿ. ಮುಚ್ಚಳಕ್ಕೆ ತೂತು ಕೊರೆದ ಎರಡು ಡಬ್ಬಿ ತೆಗೆದುಕೊಳ್ಳಿ, ಒಂದರ ಮೇಲೆ ‘ಹೌದು’, ಇನ್ನೊಂದರ ಮೇಲೆ ‘ಇಲ್ಲ’. ಪ್ರತಿ ಪ್ರಶ್ನೆಗೆ ಮಗು ತನ್ನ ಉತ್ತರದ ಡಬ್ಬಿಗೆ ಒಂದು ಹುಣಸೆ ಬೀಜ ಹಾಕಲಿ. ನಗುವ ಮುಖ, ಅಳುವ ಮುಖ ಅಂಟಿಸಿದರೆ ನಗುವ ಮುಖ ಚೆಂದ ಎಂದು ಎಲ್ಲರೂ ಅದಕ್ಕೇ ಹಾಕುತ್ತಾರೆ. ಮೀನು, ತೆಂಗಿನಮರದ ಚಿತ್ರ ಹಚ್ಚಿದರೂ ಅಷ್ಟೇ, ಕರಾವಳಿಯಲ್ಲಿ ಮೀನು ಗೆಲ್ಲುತ್ತದೆ! ತಗಡಿನ ಡಬ್ಬಿಯಾದರೆ ತಳಕ್ಕೆ ಬಟ್ಟೆ ಹಾಸಿ. ಇಲ್ಲದಿದ್ದರೆ ಬೀಜ ಬಿದ್ದ ಸದ್ದಿನಿಂದಲೇ ಯಾವ ಡಬ್ಬಿ ಎಂದು ಹೊರಗಿದ್ದವರಿಗೆ ಗೊತ್ತಾಗುತ್ತದೆ.

20 ಮಕ್ಕಳು, 4 ಪ್ರಶ್ನೆ, ಮೇಲೊಂದು ಅಭ್ಯಾಸದ ಪ್ರಶ್ನೆ: 100 ಬೀಜ ಎಣಿಸಿಟ್ಟುಕೊಳ್ಳಿ. ಡಬ್ಬಿಗಳನ್ನು ಕಪಾಟಿನ ಹಿಂದಿಡಿ, ಒಬ್ಬೊಬ್ಬರನ್ನೇ ಕಳಿಸಿ. ಅಭ್ಯಾಸಕ್ಕೆ ‘ನಿನ್ನೆ ಭಾನುವಾರವಾ?’ ಎಂಬಂಥದ್ದು ಕೇಳಿ. ಅದಕ್ಕೇ ಮೂರ್ನಾಲ್ಕು ಬೀಜ ತಪ್ಪು ಡಬ್ಬಿಗೆ ಬಿದ್ದಿದ್ದರೆ ಮಕ್ಕಳಿಗೆ ಆಟ ತಿಳಿದಿಲ್ಲ ಎಂದರ್ಥ. ಮತ್ತೆ ವಿವರಿಸಿ ಮುಂದೆ ಹೋಗಿ. ಪ್ರತಿ ಪ್ರಶ್ನೆಯ ನಂತರ ಡಬ್ಬಿ ಖಾಲಿ ಮಾಡಿ ಎಣಿಸಿ.

ಚೀಟಿ ತುಂಬಿಸುವ ದಿನ

ಯಾರ ಬಗ್ಗೆ ಕೇಳುತ್ತಿದ್ದೀರೋ ಅವರು ಕೋಣೆಯಲ್ಲಿರಬಾರದು, ಜಗಲಿಯಲ್ಲೂ ಓಡಾಡಬಾರದು. ಒಂದೇ ಕ್ಲಸ್ಟರಿನ (ಹತ್ತಿರದ ಶಾಲೆಗಳ ಗುಂಪಿನ) ಎರಡು ಶಾಲೆಗಳ ಶಿಕ್ಷಕರು ಆ ದಿನಕ್ಕೆ ಅದಲುಬದಲಾಗಿ ಹೋಗುವುದು ಸುಲಭದ ದಾರಿ. ಎಲ್ಲರಿಗೂ ಒಂದೇ ಬಣ್ಣದ ಪೆನ್ನು. ಹೆಸರು, ಹಾಜರಿ ಸಂಖ್ಯೆ ಬೇಡ. ಚೀಟಿ ಮಡಚಿ ಮಕ್ಕಳೇ ಪೆಟ್ಟಿಗೆಗೆ ಹಾಕಲಿ. ಬೆಂಚಿನ ಸಾಲಿನಲ್ಲೇ ಸಂಗ್ರಹಿಸಿದರೆ ಹೆಸರು ಬರೆಸಿದಂತೆಯೇ. ಕೊನೆಗೆ ಒಂದೇ ಒಂದು ಬರೆಯುವ ಪ್ರಶ್ನೆ ಇರಲಿ: ‘ಈ ತರಗತಿಯಲ್ಲಿ ಯಾವುದು ಬದಲಾದರೆ ನಿನಗೆ ಕಲಿಯಲು ಸುಲಭ?’ ಆ ಉತ್ತರಗಳನ್ನು ಹೊರಗಿನವರು ಟೈಪ್ ಮಾಡಿಯೇ ಶಿಕ್ಷಕರಿಗೆ ಕೊಡಬೇಕು. ಅಕ್ಷರ ನೋಡಿ ಮಗುವಿನ ಹೆಸರು ಹೇಳಬಲ್ಲವರು ಶಿಕ್ಷಕರು. ಮೊಬೈಲ್ ಫಾರ್ಮ್ ಕಳಿಸುವ ಆಸೆ ಬಿಡಿ. ಫೋನು ಅಪ್ಪ ಅಮ್ಮನದು, ಉತ್ತರವೂ ಅವರದೇ ಆಗುತ್ತದೆ. ಜೋಯಿಡಾದ ಕಾಡಿನ ಊರುಗಳಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವುದು ಬೇರೆ.

ಒಂದು ವಿಷಯದಲ್ಲಿ ಮಾತ್ರ ಗುಟ್ಟು ನಡೆಯುವುದಿಲ್ಲ. ಹೊಡೆತ, ಮೈಮುಟ್ಟುವಿಕೆಯ ಮಾತು ಚೀಟಿಯಲ್ಲಿ ಬಂದರೆ ಅದು ಹಿಮ್ಮಾಹಿತಿಯಲ್ಲ, ದೂರು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಲೈಂಗಿಕ ದೌರ್ಜನ್ಯವೆಂಬ ಸಂಶಯ ಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ‘ಶಾಲೆಯ ಮರ್ಯಾದೆ’ ಎಂದು ಮುಚ್ಚಿಡುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಚೀಟಿ ಕೊಡುವ ಮೊದಲೇ ಇದನ್ನು ಮಕ್ಕಳಿಗೂ ಸಿಬ್ಬಂದಿಗೂ ಹೇಳಿರಬೇಕು.

ಸರಾಸರಿಯ ಮೋಸ

9ನೇ ತರಗತಿಯ 32 ಮಕ್ಕಳು ‘ತಪ್ಪಾದ ಲೆಕ್ಕ ಮತ್ತೆ ಮಾಡಿಸುತ್ತಾರೆ’ ಎಂಬುದಕ್ಕೆ ಹೀಗೆ ಗುರುತು ಹಾಕಿದರು ಎನ್ನಿ: ಯಾವಾಗಲೂ 14, ಹೆಚ್ಚಿನ ಸಲ 4, ಅಪರೂಪಕ್ಕೆ 3, ಇಲ್ಲವೇ ಇಲ್ಲ 11. ನಾಲ್ಕರಿಂದ ಒಂದರವರೆಗೆ ಅಂಕ ಕೊಟ್ಟು ಕೂಡಿಸಿದರೆ 85, ಸರಾಸರಿ 2.66. ‘ಪರವಾಗಿಲ್ಲ’ ಎಂದು ಫೈಲು ಮುಚ್ಚುವವರೇ ಹೆಚ್ಚು. ಆದರೆ ಅಲ್ಲಿ ನಡುವಿನ ಎರಡು ಮನೆಯಲ್ಲಿರುವ ಮಕ್ಕಳು ಏಳೇ ಮಂದಿ! 14 ಮಂದಿ ಒಂದು ತರಗತಿಯಲ್ಲಿದ್ದಾರೆ, 11 ಮಂದಿ ಇನ್ನೊಂದರಲ್ಲಿ. ಶಿಕ್ಷಕರು ತಿದ್ದುವುದು ಶಾಲೆ ಬಿಟ್ಟ ಮೇಲೆ ಇರಬಹುದು, ಆ 11 ಮಕ್ಕಳು ಸಂಜೆಯ ಬಸ್ಸು ಹಿಡಿಯಲು ಓಡುವವರಿರಬಹುದು. ಹಾಗಿದ್ದರೆ ಶಿಕ್ಷಕರ ಶ್ರದ್ಧೆಯಲ್ಲಿ ಕೊರತೆಯಿಲ್ಲ, ತಿದ್ದುವ ಹೊತ್ತು ಬದಲಾಗಬೇಕು. ಆದ್ದರಿಂದ ಸರಾಸರಿ ಬರೆಯುವ ಮೊದಲು ನಾಲ್ಕೂ ಮನೆಯ ಎಣಿಕೆ ಬರೆಯಿರಿ.

ಘಟ್ಟದ ಮೇಲಿನ ಚಿಕ್ಕ ಶಾಲೆಯಲ್ಲಿ 12 ಮಕ್ಕಳಿದ್ದರೆ, ಎಲ್ಲರೂ 4 ಕೊಟ್ಟಲ್ಲಿ ಮುನಿಸಿಕೊಂಡ ಒಬ್ಬನೇ 1 ಕೊಟ್ಟರೂ ಸರಾಸರಿ 3.75ಕ್ಕೆ ಇಳಿಯುತ್ತದೆ. ಅಂಥಲ್ಲಿ ಅಂಕಿಯನ್ನೇ ಬಿಟ್ಟು, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯೋ (ಸಿಆರ್‌ಪಿ) ನೆರೆ ಶಾಲೆಯವರೋ ಮಕ್ಕಳ ಜೊತೆ ಗುಂಪಾಗಿ ಕೂತು ಮಾತಾಡಿಸುವುದು ಒಳ್ಳೆಯದು. ಒಂದು ಶಾಲೆಯನ್ನು ಇನ್ನೊಂದರ ಪಕ್ಕ, ಒಬ್ಬ ಶಿಕ್ಷಕರನ್ನು ಇನ್ನೊಬ್ಬರ ಪಕ್ಕ ಇಟ್ಟು ಪಟ್ಟಿ ಮಾಡಲೇಬೇಡಿ. ಒಬ್ಬ ಶಿಕ್ಷಕರ ನವೆಂಬರಿನ ಎಣಿಕೆಯನ್ನು ಅವರದೇ ಫೆಬ್ರವರಿಯ ಎಣಿಕೆಯ ಜೊತೆ ಮಾತ್ರ ಹೋಲಿಸಿ.

ಮುಖ್ಯೋಪಾಧ್ಯಾಯರ ಬಗ್ಗೆ ಸಿಬ್ಬಂದಿಯನ್ನು ಕೇಳುವುದು

ಇದು ಹೆಚ್ಚು ನಾಜೂಕಿನದು. ನಾಲ್ಕೇ ಜನ ಇರುವ ಶಾಲೆಯಲ್ಲಿ ಹೆಸರಿಲ್ಲದ ಚೀಟಿ ಎಂಬುದೇ ಸುಳ್ಳು. ಅತಿಥಿ ಶಿಕ್ಷಕರಂತೂ ಮುಂದಿನ ವರ್ಷದ ನೇಮಕದ ಚಿಂತೆಯಲ್ಲಿ ಎಲ್ಲದಕ್ಕೂ ‘ಯಾವಾಗಲೂ’ ಎಂದೇ ಗುರುತು ಹಾಕುತ್ತಾರೆ. ಎಂಟಕ್ಕಿಂತ ಕಡಿಮೆ ಸಿಬ್ಬಂದಿ ಇದ್ದರೆ ಹೊರಗಿನವರೊಬ್ಬರು ಒಬ್ಬೊಬ್ಬರನ್ನೇ 15 ನಿಮಿಷ ಮಾತಾಡಿಸಿ, ಕನಿಷ್ಠ ಮೂವರು ಹೇಳಿದ ಸಂಗತಿಯನ್ನು ಮಾತ್ರ ಬರೆದುಕೊಡಲಿ. ಬಿಸಿಯೂಟದ ಅಡುಗೆಯವರನ್ನೂ ಕೇಳಿ. ಅಕ್ಕಿ ಬೇಳೆ ಹೊತ್ತಿಗೆ ಸರಿಯಾಗಿ ಸಿಗುತ್ತದೆಯೇ ಎಂಬುದು ಅವರಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಇಲ್ಲೂ ಕಂಡದ್ದನ್ನೇ ಕೇಳಬೇಕು. ‘ಮುಖ್ಯೋಪಾಧ್ಯಾಯರು ಒಳ್ಳೆಯ ನಾಯಕರೇ’ ಬೇಡ. ಯಾರಾದರೂ ರಜೆ ಹಾಕಿದಾಗ ಅವರ ತರಗತಿಗಳನ್ನು ಸರದಿಯಂತೆ ಹಂಚುತ್ತಾರೆಯೇ? ಈ ಅರ್ಧವರ್ಷದಲ್ಲಿ ಎಷ್ಟು ಸಲ ನಿಮ್ಮ ಪಾಠ ನೋಡಿ, ಆಮೇಲೆ ಕೂತು ಮಾತಾಡಿದ್ದಾರೆ? ಸಭೆಯಲ್ಲಿ ಆದ ತೀರ್ಮಾನ ಮುಂದಿನ ಸಭೆಯ ಹೊತ್ತಿಗೆ ಜಾರಿಯಾಗಿರುತ್ತದೆಯೇ? ಪಾಲಕರು ಗಲಾಟೆ ಮಾಡಿದಾಗ ಮೊದಲು ನಿಮ್ಮ ಮಾತು ಕೇಳುತ್ತಾರೆಯೇ? ಸಾಕು, ಆರೇಳು ಪ್ರಶ್ನೆ ಬಹಳವಾಯಿತು.

ಬಂದ ಮೇಲೆ

ಫಲಿತಾಂಶವನ್ನು ಮೊದಲು ನೋಡುವವರು ಆ ಶಿಕ್ಷಕರೇ, ಒಬ್ಬರೇ, ಒಂದು ವಾರ. ಆಮೇಲೆ ಮುಖ್ಯೋಪಾಧ್ಯಾಯರ ಜೊತೆ ಕೂರಲಿ. ಮೇಜಿನ ಮೇಲೆ ಚೀಟಿಯ ಎಣಿಕೆ, ತರಗತಿ ವೀಕ್ಷಣೆಯ ಟಿಪ್ಪಣಿ, ಮಕ್ಕಳ ಹತ್ತು ನೋಟ್‌ಬುಕ್ಕು ಒಟ್ಟಿಗಿರಲಿ. ಮೂರೂ ಒಂದೇ ಕಡೆ ಬೆರಳು ತೋರಿಸುವ ಒಂದು ಸಂಗತಿ ಹಿಡಿದು ಅದನ್ನಷ್ಟೇ ತಿದ್ದುವ ಗುರಿ ಬರೆಯಿರಿ. ಐದು ಗುರಿ ಬರೆದವರು ಒಂದನ್ನೂ ಮುಟ್ಟುವುದಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಶಾಲೆಯ ಒಟ್ಟು ಚಿತ್ರ ಹೋಗಲಿ, ಹೆಸರು ಹಿಡಿದ ಹಾಳೆ ಬೇಡ.

ಎರಡು ವಾರದೊಳಗೆ ಶಿಕ್ಷಕರು ತರಗತಿಯಲ್ಲಿ ನಿಂತು ಹೇಳಬೇಕು: ‘ನೀವು ಹೀಗೆ ಬರೆದಿದ್ದೀರಿ, ಇನ್ನು ಮೇಲೆ ಲೆಕ್ಕ ತಿದ್ದುವುದು ಮಧ್ಯಾಹ್ನದ ಮೊದಲ ಪೀರಿಯಡ್‌ನಲ್ಲಿ.’ ಇಷ್ಟು ಹೇಳದಿದ್ದರೆ ಫೆಬ್ರವರಿಯಲ್ಲಿ ಮಕ್ಕಳು ಚೀಟಿಯ ಮೇಲೆ ಚಿತ್ರ ಬರೆದು ಕೊಡುತ್ತಾರೆ. ಆ ಸುತ್ತಿಗೆ ಹನ್ನೆರಡೂ ಪ್ರಶ್ನೆ ಬೇಡ. ಗುರಿಗೆ ಸಂಬಂಧಿಸಿದ ಮೂರನ್ನು, ಒಂದಕ್ಷರವೂ ಬದಲಿಸದೆ, ಅದೇ ಮಕ್ಕಳಿಗೆ ಕೇಳಿ. ಎಣಿಕೆಯ ಹಾಳೆ ಶಿಕ್ಷಕರ ಬಳಿ ಉಳಿಯಲಿ, ಚೀಟಿಗಳನ್ನು ಏಪ್ರಿಲ್ ರಜೆಗೆ ಮೊದಲು ಸುಟ್ಟುಬಿಡಿ. ದೂರಿನ ಚೀಟಿ ಇದ್ದರೆ ಅದನ್ನು ಮಾತ್ರ ಮುಟ್ಟಬೇಡಿ, ಅದು ಸಾಕ್ಷಿ.