ಅರ್ಕಾವತ್ತು ತೊಡಕಾಗುವ ಮಕ್ಕಳಿಗೆ ಪಾಠ ಮಾಡಿದ ಬಗೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿಕಾ ತೊಂದರೆಯುಳ್ಳ ಮಗುವನ್ನು ಗುರುತಿಸುವ ಕೆಲಸವೇ ಸೂಕ್ಷ್ಮವಾದುದು. ನನ್ನ ತರಗತಿಯ ಹೆಚ್ಚಿನವರ ಮನೆಮಾತು ತುಳು, ಮಲಯಾಳಂ, ಬ್ಯಾರಿ, ಕೊಂಕಣಿ ಅಥವಾ ಮರಾಠಿ. ತುಳುವಾಡುವ ಮಗು 'ಭ' ಬರೆಯಬೇಕಾದಲ್ಲಿ 'ಬ' ಬರೆದರೆ ಅದು ತನ್ನ ಕಿವಿಗೆ ಕೇಳಿಸಿದ್ದನ್ನು ಬರೆದಿದೆ ಎಂದಷ್ಟೇ ಅರ್ಥ. ನಾನು ಗಮನಿಸುವುದು ಬೇರೆಯದನ್ನು: ಮನೆಮಾತಿನಲ್ಲಿ ಸರಾಗವಾಗಿ ಕಥೆ ಹೇಳಬಲ್ಲ ಮಗು, ನಿನ್ನೆ ಓದಿದ ಪದವನ್ನೇ ಇಂದು ಹೊಸದೆಂಬಂತೆ ಅಕ್ಷರ ಅಕ್ಷರ ಕೂಡಿಸಿ ಓದುತ್ತದೆಯೇ, ಕನ್ನಡದಲ್ಲಿ ಕಂಡ ತೊಡಕು ಮಲಯಾಳಂ ಲಿಪಿಯಲ್ಲಿಯೂ ಕಾಣುತ್ತದೆಯೇ ಎಂಬುದನ್ನು. ಹಾಗಿದ್ದರೆ ಬಿ.ಆರ್.ಸಿ.ಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ವಿಶೇಷ ಶಿಕ್ಷಕರಿಗೆ ತಿಳಿಸುತ್ತೇನೆ.

ಕನ್ನಡ ಪಾಠದಲ್ಲಿ ಹೆಚ್ಚು ಸಮಯ ಬೇಡುವುದು ಅರ್ಕಾವತ್ತು. 'ಸೂರ್ಯ' ಎನ್ನುವಾಗ ರಕಾರದ ಧ್ವನಿ ಯಕಾರಕ್ಕಿಂತ ಮೊದಲು ಬರುತ್ತದೆ, ಬರಹದಲ್ಲಿ ಅದರ ಗುರುತು ಯಕಾರದ ನಂತರ ನಿಲ್ಲುತ್ತದೆ. ಧ್ವನಿಗಳ ಕ್ರಮವನ್ನು ನೆನಪಿನಲ್ಲಿ ಹಿಡಿದಿಡಲು ಮೊದಲೇ ಕಷ್ಟಪಡುವ ಮಗುವಿಗೆ ಇದು ಎರಡು ಪಟ್ಟು ಭಾರ. ಆದ್ದರಿಂದ ಪದವನ್ನು ಮೊದಲು ಬಾಯಲ್ಲಿಯೇ ಬಿಡಿಸುತ್ತೇವೆ: ಸೂರ್–ಯ, ವರ್–ಷ, ಧರ್–ಮ, ತುಂಡಿಗೊಂದು ಚಪ್ಪಾಳೆ. ಅದು ಗಟ್ಟಿಯಾದ ಬಳಿಕವೇ, ಧ್ವನಿಯನ್ನು ಹೇಳುತ್ತಾ ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಬರೆಯಿಸುತ್ತೇನೆ. 'ಚಕ್ರ', 'ಪತ್ರ'ಗಳಲ್ಲಿನ ರಕಾರದ ಒತ್ತನ್ನು ಅದೇ ವಾರ ತರುವುದಿಲ್ಲ; ಒಂದೇ ರಕಾರದ ಎರಡು ಗುರುತುಗಳು ಒಟ್ಟಿಗೆ ಎದುರಾದರೆ ಎರಡೂ ಕಲಸಿಹೋಗುತ್ತವೆ.

ಗಣಿತಕ್ಕೆ ಹಿಡಿಸೂಡಿಯ (ಕಡ್ಡಿ ಪೊರಕೆಯ) ಕಡ್ಡಿಗಳೇ ಸಾಕು. ಹತ್ತು ಕಡ್ಡಿಗೆ ಒಂದು ಕಟ್ಟು. ನಲವತ್ತೆರಡರಿಂದ ಹದಿನೇಳನ್ನು ಕಳೆಯುವಾಗ ಮಗು ತಾನೇ ಒಂದು ಕಟ್ಟನ್ನು ಬಿಚ್ಚಬೇಕು, ಆಗಲೇ 'ಸಾಲ ತೆಗೆದುಕೊಳ್ಳುವುದು' ಎಂದರೇನೆಂದು ಕೈಗೆ ತಿಳಿಯುತ್ತದೆ. ವಾಕ್ಯರೂಪದ ಲೆಕ್ಕವನ್ನು ನಾನೇ ಓದಿ ಹೇಳುತ್ತೇನೆ, ಏಕೆಂದರೆ ಅಲ್ಲಿ ನನಗೆ ತಿಳಿಯಬೇಕಾದದ್ದು ಮಗುವಿನ ಲೆಕ್ಕ, ಓದಲ್ಲ.

ವಿಜ್ಞಾನವನ್ನಂತೂ ಓದು ಬರುವವರೆಗೆ ಕಾಯಿಸುವುದು ಅನ್ಯಾಯವೆಂದೇ ನಾನು ನಂಬಿದ್ದೇನೆ. ನಮ್ಮ ಗುಡ್ಡಗಳಲ್ಲಿ ಮುರಕಲ್ಲನ್ನು (ಜಂಬಿಟ್ಟಿಗೆ ಕಲ್ಲನ್ನು) ನೀರಿಗಾಗಿ ಅಡ್ಡಲಾಗಿ ಕೊರೆದು ತೋಡಿದ ಸುರಂಗಗಳಿವೆ. ಮಳೆನೀರು ಮುರಕಲ್ಲಿನೊಳಗೆ ಇಳಿದು ಸುರಂಗದಲ್ಲಿ ಒಸರುವ ಬಗೆಯನ್ನು ತೋಟದ ಮನೆಯ ಮಗು ನನಗಿಂತ ಚೆನ್ನಾಗಿ ವಿವರಿಸಬಲ್ಲದು. ಅಂತರ್ಜಲದ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ. ಮಗು ಚಿತ್ರ ಬಿಡಿಸಿ, ತುಳುವಿನಲ್ಲಿಯೋ ಮಲಯಾಳದಲ್ಲಿಯೋ ಹೇಳಿದ ಉತ್ತರವನ್ನು ಪೂರ್ಣ ಉತ್ತರವೆಂದೇ ಪರಿಗಣಿಸುತ್ತೇನೆ. ಬಳಿಕ ಅದರ ಮಾತನ್ನು ಕನ್ನಡದಲ್ಲಿ ಎರಡು ಸಾಲಾಗಿ ಬರೆದು ಕೊಟ್ಟರೆ, ತನ್ನದೇ ವಾಕ್ಯವಾದ್ದರಿಂದ ಅದನ್ನು ಓದಲು ಮಗು ಹಿಂಜರಿಯುವುದಿಲ್ಲ.

ಹೆತ್ತವರಿಗೆ ನಾನು ಒತ್ತಿ ಹೇಳುವುದು ಒಂದೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ ಇವೆಲ್ಲ ದೊರೆಯಬೇಕಾದರೆ ವೈದ್ಯಕೀಯ ಪ್ರಮಾಣಪತ್ರ ಬೇಕು, ಅದರ ಓಡಾಟವನ್ನು ಹತ್ತನೆಯ ತರಗತಿಯವರೆಗೆ ಮುಂದೂಡಬಾರದು.