ಅಮೆರಿಕದಲ್ಲಿ ಮೈಕ್ರೋಲೋನ್ ಬಡ್ಡಿ ಫಿಕ್ಸ್ ಆಗೋದು ಹೆಂಗೆ?

ಅಮೆರಿಕದಲ್ಲೂ ಮೈಕ್ರೋಲೋನ್, ಅಂದ್ರೆ ಸಣ್ಣ ವ್ಯಾಪಾರಕ್ಕೆ ಕೊಡೋ ಸಣ್ಣ ಸಾಲ, ಅಂತ ಇದೆ, ಆದ್ರೆ ಅಲ್ಲಿ ಮೈಕ್ರೋ ಅಂದ್ರೆ 50,000 ಡಾಲರ್ ತನಕ! ಸರ್ಕಾರದ ಸ್ಮಾಲ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್, ಅಂದ್ರೆ ಎಸ್‌ಬಿಎ, ನಡೆಸೋ ಸ್ಕೀಮ್ ಇದು.

ಮೊದ್ಲು ಸಾಲ ಕೊಡೋದು ಯಾರು ನೋಡಿ. ದೊಡ್ಡ ಬ್ಯಾಂಕ್‌ಗಳಿಗೆ ಈ ಸೈಜ್ ಸಾಲ ಅಂದ್ರೆ ಅಷ್ಟಕ್ಕಷ್ಟೇ, ಯಾಕಂದ್ರೆ 5,000 ಡಾಲರ್ ಫೈಲಿಗೂ ದೊಡ್ಡ ಫೈಲಿಗೂ ಓಡಾಟ ಹೆಚ್ಚೂಕಮ್ಮಿ ಒಂದೇ. ಹಾಗಾಗಿ ಎಸ್‌ಬಿಎ ಲಾಭ ನೋಡದ ಸಂಸ್ಥೆಗಳಿಗೆ ದುಡ್ಡು ಕೊಡತ್ತೆ, ಅವು ಅಂಗಡಿಯವ್ರಿಗೆ ಕೊಡ್ತಾವೆ. ಬ್ಯಾಂಕ್‌ಗಳೂ ಇಂಥ ಸಂಸ್ಥೆಗಳಿಗೆ ಫಂಡ್ ಕೊಡೋದುಂಟು, ಪುಣ್ಯಕ್ಕೇನಲ್ಲ, ಡೆಪಾಸಿಟ್ ತಗೊಳೋ ಏರಿಯಾದ ಬಡವ್ರಿಗೂ ಸಾಲ ಸಿಗೋ ಹಾಗೆ ನೋಡ್ಕೋಬೇಕು ಅಂತ 1977ರ ಕಾಯ್ದೆನೇ ಇದೆ.

ಎರಡ್ನೇದು, ಸಂಸ್ಥೆಗೆ ದುಡ್ಡು ಯಾವ ರೇಟಿಗೆ ಬೀಳತ್ತೆ. ಸರ್ಕಾರದ 5 ವರ್ಷದ ಬಾಂಡ್ ರೇಟಲ್ಲಿ 1.25 ಪರ್ಸೆಂಟ್ ಕಳೀತಾರೆ, ಸಂಸ್ಥೆ ಕೊಡೋ ಸರಾಸರಿ ಸಾಲ 10,000 ಡಾಲರ್ ಒಳಗೇ ಇದ್ರೆ 2 ಪರ್ಸೆಂಟ್ ಕಳೀತಾರೆ.

ಇದ್ರ ಮೇಲೆ ಮಾರ್ಜಿನ್, ಅಂದ್ರೆ ಸಂಸ್ಥೆ ತನ್ನ ಖರ್ಚಿಗೆ ಅಂತ ಸೇರಿಸ್ಕೊಳೋ ಬಡ್ಡಿ, ಅಸಲಿ ವಿಷ್ಯ ಇರೋದೇ ಇಲ್ಲಿ. 10,000 ಡಾಲರ್‌ಗಿಂತ ಜಾಸ್ತಿ ಸಾಲಕ್ಕೆ 7.75 ಪರ್ಸೆಂಟ್ ತನಕ ಸೇರಿಸ್ಬೋದು, ಅದ್ರೊಳಗಿನ ಸಾಲಕ್ಕೆ 8.5 ತನಕ. ಸಣ್ಣೋನಿಗೆ ಜಾಸ್ತಿನಾ, ಇದ್ಯಾವ ನ್ಯಾಯ ಅನ್ಸತ್ತೆ ಅಲ್ವಾ? ಲೆಕ್ಕ ಹಾಕಿ ನೋಡಿ. 5,000 ಡಾಲರ್ ಒಂದು ವರ್ಷಕ್ಕೆ ಕೊಟ್ರೆ, ತಿಂಗ್ಳಾ ತಿಂಗ್ಳಾ ಅಸಲು ಕರಗ್ತಾ ಹೋಗೋದ್ರಿಂದ, ಮಾರ್ಜಿನ್ ಅಂತ ಕೈಗೆ ಸಿಗೋದು ಬರೀ 230 ಡಾಲರ್ ಆಸುಪಾಸು, ಅದ್ರಲ್ಲೇ ಆಫೀಸರ್ ಸಂಬಳ, ಕಾಗದಪತ್ರ, ಫೋನು ಎಲ್ಲ ಆಗ್ಬೇಕು. 50,000ಕ್ಕೆ ಸುಮಾರು 2,100 ಬರತ್ತೆ. ಅಂದ್ಮೇಲೆ 8.5 ಕೂಡ ಕಮ್ಮಿನೇ, ಸಾಲ ತಗೊಳೋರಿಗೆ ಟ್ರೈನಿಂಗ್ ಕೊಡೋಕೆ ಸರ್ಕಾರ ಸಂಸ್ಥೆಗೆ ಗ್ರ್ಯಾಂಟ್ ಅಂತ ಬೇರೆ ಕೊಡೋದು ಅದಕ್ಕೇ.

ಸಾಲ ಮುಳುಗಿದ್ರೆ? ಶುರುವಲ್ಲಿ ಬಾಕಿ ಇರೋ ಸಾಲದ 15 ಪರ್ಸೆಂಟ್‌ನಷ್ಟು ದುಡ್ಡು ಸಂಸ್ಥೆ ಪಕ್ಕಕ್ಕೆ ಎತ್ತಿಡ್ಲೇಬೇಕು. ಜೊತೆಗೆ ಸಾಮಾನ್ಯವಾಗಿ ಮಷೀನೋ ವ್ಯಾನೋ ಅಡ ಕೇಳ್ತಾರೆ, ಮಾಲೀಕನ ಪರ್ಸನಲ್ ಗ್ಯಾರಂಟಿನೂ ಬೇಕು. ಮ್ಯಾಕ್ಸಿಮಮ್ 7 ವರ್ಷದಲ್ಲಿ ತೀರಿಸ್ಬೇಕು. ಹಳೇ ಸಾಲ ತೀರ್ಸೋಕೆ, ಜಾಗ ತಗೊಳೋಕೆ ಈ ದುಡ್ಡು ಮುಟ್ಟೋ ಹಾಗಿಲ್ಲ.

ಅಡ ಇಡೋಕೆ ಏನೂ ಇಲ್ದೋರಿಗೆ ಬೇರೆ ದಾರಿ ಇದೆ. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ 2008ರಲ್ಲಿ ಶುರುವಾದ ಗ್ರಾಮೀಣ್ ಅಮೆರಿಕ ಅನ್ನೋ ಸಂಸ್ಥೆ ಐದೈದು ಹೆಂಗಸ್ರ ಗುಂಪು ಕಟ್ಟಿಸಿ, ಅಡ ಕೇಳ್ದೇ ಸಾಲ ಕೊಟ್ಟು ವಾರದ ಕಂತಲ್ಲಿ ವಸೂಲಿ ಮಾಡತ್ತೆ. ನಮ್ಮೂರ ಸಂಘದವ್ರಿಗೆ ಇದ್ರಲ್ಲಿ ಹೊಸ್ದೇನೂ ಕಾಣಲ್ಲ ಬಿಡಿ.